ಮೈಮೇಲೆ ದೇವರು ಬಂದರೆ ಅದು ಮಾನಸಿಕ ರೋಗವೇ? ಮನಶ್ಶಾಸ್ತ್ರದವರು ಯಾವುದನ್ನು ಅಸಹಜ ಎನ್ನುತ್ತಾರೆ?

ಹುಣ್ಣಿಮೆ ಬಂದರೆ ಅತ್ತೆಯ ಮೈಮೇಲೆ ಯಲ್ಲಮ್ಮ ಬರುತ್ತಾಳೆ, ಕಾಲೇಜು ಓದುವ ಮಗ ಅದನ್ನು ರೋಗ ಅಂತಾನೆ, ಮನೆಯಲ್ಲಿ ಇದೇ ಜಗಳ ಎಂದು ಬರೆದಿದ್ದೀರಿ. ನಾನು ಬೆಳಗಾವಿಯಲ್ಲಿ ಪದವಿ ತರಗತಿಗೆ ಮನಶ್ಶಾಸ್ತ್ರ ಕಲಿಸುತ್ತೇನೆ. ಅದೊಂದನ್ನೇ ನೋಡಿ ನಿಮ್ಮ ಅತ್ತೆಗೆ ರೋಗ ಇದೆ ಅನ್ನಲು ಬರುವುದಿಲ್ಲ.

ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿದ್ದರೆ ನಿಮಗೇ ಗೊತ್ತಿರುತ್ತದೆ. ಹಣೆ ತುಂಬ ಭಂಡಾರ, ‘ಉಧೋ ಉಧೋ’ ಕೂಗು, ಚೌಡಿಕೆಯ ಸದ್ದು. ಮೈದುಂಬಿ ತೂಗುವ ಹೆಂಗಸಿನ ಸೆರಗನ್ನು ಪಕ್ಕದವರು ಸರಿಮಾಡುತ್ತಾರೆ, ನೀರು ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಹೆಂಗಸು ಬುತ್ತಿ ಬಿಚ್ಚಿ ಮೊಮ್ಮಕ್ಕಳಿಗೆ ಕಡಬು ಕೊಡುತ್ತಿರುತ್ತಾಳೆ. ಅಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ.

ರೋಗಗಳನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಪಟ್ಟಿ 2022ರಿಂದ ಜಾರಿಯಲ್ಲಿದೆ. ಮೈಮೇಲೆ ಬರುವಂಥ ಕಾಯಿಲೆಯೂ ಅದರಲ್ಲಿದೆ. ಆದರೆ ಜನ ಒಪ್ಪಿಕೊಂಡ ದೇವರ ಆಚರಣೆಯ ಭಾಗವಾಗಿ ಬಂದರೆ ಅದನ್ನು ಕಾಯಿಲೆಗೆ ಸೇರಿಸುವುದಿಲ್ಲ. ಬೇಡ ಅಂದರೂ ಬರಬೇಕು, ಆಕೆಗೆ ಸಂಕಟವಾಗಬೇಕು ಅಥವಾ ದಿನದ ಬದುಕು ಕೆಡಬೇಕು. ಆಗ ಮಾತ್ರ ಕಾಯಿಲೆಯ ಮಾತು.

ಹಾಗಾಗಿ ‘ನಾಲ್ಕು ಜನರಂತೆ ಇಲ್ಲ’ ಅನ್ನುವುದು ಬಹಳ ದುರ್ಬಲ ಅಳತೆ. ತುಂಬ ಜಾಣ ಮಕ್ಕಳೂ ಅಪರೂಪವೇ, ಅವರನ್ನು ಯಾರೂ ರೋಗಿ ಅನ್ನಲ್ಲ ಅಲ್ವಾ? ಸಲಿಂಗಿಗಳನ್ನು ಒಂದು ಕಾಲಕ್ಕೆ ವೈದ್ಯರೇ ರೋಗಿಗಳ ಪಟ್ಟಿಯಲ್ಲಿ ಇಟ್ಟಿದ್ದರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅವರನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಆ ಜನ ಬದಲಾಗಿರಲಿಲ್ಲ, ನೋಡುವವರ ಕಣ್ಣು ಬದಲಾಗಿತ್ತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ, ಸಮಾಜದ ರೀತಿ-ನೀತಿಗೆ ಅಥವಾ ಧರ್ಮದ ನಂಬಿಕೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ತೀರ್ಮಾನಿಸಬಾರದು ಅನ್ನುತ್ತದೆ.

ಮನಶ್ಶಾಸ್ತ್ರದವರು ಹೆಚ್ಚು ಒತ್ತು ಕೊಡುವುದು ಎರಡು ಮಾತಿಗೆ. ಆ ವ್ಯಕ್ತಿ ಒಳಗೇ ನರಳುತ್ತಿದ್ದಾರಾ? ದಿನದ ಕೆಲಸ, ನಿದ್ದೆ, ಊಟ, ನಂಟು ಕೆಟ್ಟಿದೆಯಾ? ತನಗೋ ಇನ್ನೊಬ್ಬರಿಗೋ ಅಪಾಯವಿದೆಯಾ ಎಂದೂ ಕೇಳುತ್ತಾರೆ. ಆದರೆ ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವವರಲ್ಲ, ಇದನ್ನು ನಿಮ್ಮ ಮಗನಿಗೂ ಹೇಳಿ.

ನನಗೆ ಜಾಸ್ತಿ ಚಿಂತೆ ಸದ್ದಿಲ್ಲದವರದ್ದು. ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಮನೆಯಿಂದ ಬೆಳಗಾದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದು ನಿಂತಿತು. ಹಾಲು ಉಕ್ಕಿ ಒಲೆ ಆರಿದರೂ ಎದುರಿಗೇ ಸುಮ್ನೆ ಕೂತಿರುತ್ತಿದ್ದಳು. ಕೇಳಿದರೆ “ಯಾಕೋ ಏನೂ ಬ್ಯಾಡಾಗೇದರಿ” ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ, ಹಾಗಾಗಿ ಯಾರಿಗೂ ಅಸಹಜ ಅನ್ನಿಸಲಿಲ್ಲ. ‘ಸೋಮಾರಿಯಾಗ್ಯಾಳ’ ಅಂದರು. ಆಕೆಗಿದ್ದದ್ದು ಖಿನ್ನತೆ. ಇಂಥ ಲಕ್ಷಣಗಳು ದಿನದ ಹೆಚ್ಚು ಹೊತ್ತು, ಎರಡು ವಾರ ಬಿಡದೆ ಇದ್ದರೆ ವೈದ್ಯರು ಖಿನ್ನತೆಯೇ ಎಂದು ಪರೀಕ್ಷಿಸುತ್ತಾರೆ. ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಈಗ ಚೇತರಿಸಿಕೊಂಡಿದ್ದಾಳೆ.

ನಿಮ್ಮ ಅತ್ತೆಯನ್ನು ಹುಣ್ಣಿಮೆ ದಿನ ಬಿಟ್ಟು ಉಳಿದ ದಿನಗಳಲ್ಲಿ ಗಮನಿಸಿ. ರಾತ್ರಿ ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಅಕ್ಕಪಕ್ಕದವರ ಜೊತೆ ಮಾತು ಇದೆಯಾ? ಮೈಮೇಲೆ ಬರುವುದು ಅವರಿಗೇ ಭಯವಾ, ಸಮಾಧಾನವಾ? ಇದನ್ನು ಅವರನ್ನೇ ಕೇಳಿ, ಮಗನ ಎದುರಿಗೆ ಬೇಡ. ದೇವರ ಹೊತ್ತಲ್ಲದ ಹೊತ್ತಿನಲ್ಲೂ ಬರತೊಡಗಿದರೆ, ಅಥವಾ ಪ್ರಜ್ಞೆ ತಪ್ಪಿ ಬಿದ್ದರೆ, ಮೊದಲು ವೈದ್ಯರಿಗೆ ತೋರಿಸಿ, ಮೂರ್ಛೆರೋಗವೂ ಇರಬಹುದು. ಕರೆದುಕೊಂಡು ಹೋಗುವುದು ಕಷ್ಟವಾದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ಹಗಲು-ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.