ಕೇಳಿ, ಹೇಳ್ತೀನಿ: ಆನ್‌ಲೈನ್ ಎಸ್ಕೇಪ್ ರೂಮ್ ಮತ್ತು ಆಡಿದವರ ದೂರು

ಪ್ರಶ್ನೆ: ನಾನು ಶಿವಮೊಗ್ಗ ಹತ್ತಿರ ಹೈಸ್ಕೂಲ್ ಟೀಚರ್. ಎಂಟನೇ ಕ್ಲಾಸಿನವರಿಗಾಗಿ ಗೂಗಲ್ ಫಾರಂನಲ್ಲಿ 'ಅಜ್ಜನ ಮನೆ ಅಟ್ಟ' ಅಂತ ಎಸ್ಕೇಪ್ ರೂಮ್ (ಸುಳಿವು ಹುಡುಕಿ, ಒಗಟು ಬಿಡಿಸಿ, ಬೀಗ ತೆಗೆಯುವ ಆಟ) ಮಾಡಿದೆ. ಪೆಟ್ಟಿಗೆಯ ಬೀಗಕ್ಕೆ ಮೂರು ಅಂಕಿ. ಸುಳಿವು, ಗೋಡೆಯ ಮೇಲೆ ಬರೆದಿರುವ 'ಎ ಊ ಇ'. ವರ್ಣಮಾಲೆಯಲ್ಲಿ ಅವು ಎಷ್ಟನೆಯವು ಅಂತ ಎಣಿಸಿದರೆ 863. ಕೆಲವು ಮಕ್ಕಳು 'ಸೂಪರ್' ಅಂದರು. ಕೆಲವರು 'ಕಷ್ಟ, ಟೈಮ್ ಜಾಸ್ತಿ ಕೊಡಿ' ಅಂದರು. ರಿಟೈರ್ ಆದ ಮೇಷ್ಟ್ರೊಬ್ಬರು ಆಡಿ ನೋಡಿ 'ಉತ್ತರವೇ ತಪ್ಪು' ಅಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಮೇಷ್ಟ್ರ ಮಾತು ಕೇಳಿ ಮೇಡಂ. ಅವರು ಓದುವಾಗ 'ಋ' ಆದಮೇಲೆ 'ೠ' ಕೂಡ ಇತ್ತು. ಹಾಗಾಗಿ ಅವರಿಗೆ 'ಎ' ಒಂಬತ್ತನೆಯದು, ಉತ್ತರ 963. ಈಗಿನ ಪುಸ್ತಕದಲ್ಲಿ ಸ್ವರಗಳು 13, ಮಕ್ಕಳಿಗೆ ಅದು ಎಂಟನೆಯದು. ಇಬ್ಬರ ಲೆಕ್ಕವೂ ಸರಿಯೇ. ಬೀಗ ತೆಗೆಯಲು ಬೇಕಾದ ವಿಷಯ ಅಟ್ಟದಲ್ಲೇ ಇರಬೇಕಿತ್ತು, ಆಡುವವರ ತಲೆಯಲ್ಲಿ ಇರುತ್ತದೆ ಅಂತ ನೀವು ನಂಬಿದ್ದೀರಿ. ಪರಿಹಾರ ಸುಲಭ. ಫೋಟೋದಲ್ಲಿ ಗೋಡೆಗೆ ಒಂದು ವರ್ಣಮಾಲೆ ಚಾರ್ಟ್ ನೇತುಹಾಕಿ, ಅದರಲ್ಲಿ 'ೠ' ಇರಲಿ, ಬಿಡಲಿ. ಆಮೇಲೆ ಜಗಳವೇ ಇಲ್ಲ.

ಇನ್ನು 'ಟೈಮ್ ಜಾಸ್ತಿ ಕೊಡಿ' ಅಂದವರು. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಆ ಕೆಲಸ ಕಲಿಸಿದ್ದು ಇಷ್ಟು: ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಜನ ಹೇಳಿದರೆ ಕಣ್ಣುಮುಚ್ಚಿ ನಂಬಬಹುದು. ಹೀಗೆ ಸರಿಮಾಡಿ ಅಂದರೆ ಮಾತ್ರ ಸ್ವಲ್ಪ ತಡೆಯಿರಿ. ಟೈಮ್ ಕೇಳುವ ಹುಡುಗನಿಗೆ ಎಷ್ಟೋ ಸಲ ಬೇಕಾಗಿರುವುದು ಟೈಮ್ ಅಲ್ಲ. ಅವನು ಫೋನಿನಲ್ಲಿ ಆಡುತ್ತಿದ್ದಾನೆ. ನೀವು ಲ್ಯಾಪ್‌ಟಾಪಿನಲ್ಲಿ ಮಾಡಿದ ಫೋಟೋದಲ್ಲಿ ಗೋಡೆಯ ಬರಹ ಅವನಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿದೆ. ವಾಟ್ಸಾಪ್‌ನಲ್ಲಿ ಒಮ್ಮೆ ಓಡಾಡಿ ಬಂದ ಫೋಟೋ ಆದರಂತೂ ಮುಗಿಯಿತು.

'ಇಷ್ಟ ಆಯ್ತಾ?' ಅಂತ ಮಾತ್ರ ಕೇಳಬೇಡಿ. ಟೀಚರ್ ಎದುರು 'ಇಲ್ಲ' ಅನ್ನುವ ಮಗು ನಮ್ಮ ಕಡೆ ಎಲ್ಲಿದೆ? 'ಎಲ್ಲಿ ಸುಮ್ನೆ ಯಾವುದೋ ನಂಬರ್ ಹಾಕಿ ನೋಡಿದೆ?' ಅಂತ ಕೇಳಿ. ಊಹೆ ಶುರುವಾದ ಕಡೆ ಸುಳಿವು ಸತ್ತಿದೆ ಅಂತ ಅರ್ಥ. ಅದಕ್ಕಿಂತ ಒಳ್ಳೆಯದು, ಇಬ್ಬರು ಮಕ್ಕಳನ್ನು ಗೂಗಲ್ ಮೀಟ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಆಡಲು ಹೇಳಿ. ಅನಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಆಡಲಿ. ನಿಮ್ಮ ಮೈಕ್ ಆಫ್ ಇರಲಿ. 'ಅಲ್ಲೇ ಇದೆಯಲ್ಲೋ!' ಅನ್ನಬೇಕು ಅಂತ ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಉತ್ತರ ಗೊತ್ತಾದಾಗ 'ಓ, ಹೀಗಾ!' ಅಂದರೆ ಒಗಟು ಕಷ್ಟ ಇದ್ದರೂ ಪರವಾಗಿಲ್ಲ. 'ಇದು ನಮಗೆ ಹೇಗೆ ಗೊತ್ತಾಗಬೇಕಿತ್ತು?' ಅಂದರೆ ಒಗಟು ಬದಲಿಸಿ.

ರಾನ್ ಗಿಲ್ಬರ್ಟ್ ಎಂಬ ಗೇಮ್ ಡಿಸೈನರ್ 1989ರಲ್ಲೇ ಅಡ್ವೆಂಚರ್ ಗೇಮುಗಳ ತಪ್ಪುಗಳ ಮೇಲೆ ಒಂದು ಖಾರವಾದ ಲೇಖನ ಬರೆದಿದ್ದರು. ತೊಡಕು ಕಣ್ಣಿಗೆ ಬೀಳುವ ಮೊದಲೇ ಪರಿಹಾರ ಕೈಗೆ ಸಿಗಬಾರದು ಅನ್ನುವುದು ಅದರಲ್ಲಿನ ಒಂದು ಮಾತು. ನಿಮ್ಮ ಅಟ್ಟದಲ್ಲೂ ಮೊದಲು ಪೆಟ್ಟಿಗೆ ಕಾಣಲಿ, ಆಮೇಲೆ ಗೋಡೆ.

ಪ್ರಶ್ನೆ: ಕನ್ನಡದಲ್ಲಿ ಉತ್ತರ ಟೈಪ್ ಮಾಡುವ ಒಗಟು ಇಟ್ಟಿದ್ದೆ. ಉತ್ತರ 'ಬೀಗದಕೈ'. 'ನಾನು ಸರಿಯಾಗೇ ಬರೆದೆ, ತೆಗೆದುಕೊಳ್ಳಲಿಲ್ಲ' ಅಂತ ಹತ್ತಾರು ಮೆಸೇಜ್ ಬಂದವು. (ಓದುಗರು, ದಾವಣಗೆರೆ)

ಉತ್ತರ: ಅವರೆಲ್ಲ ಸರಿಯಾಗೇ ಬರೆದಿದ್ದಾರೆ! ಒಬ್ಬರು 'ಬೀಗದ ಕೈ' ಅಂತ ಬಿಡಿಸಿ ಬರೆದಿರುತ್ತಾರೆ. ಹುಬ್ಬಳ್ಳಿ ಕಡೆಯವರು 'ಕೀಲಿಕೈ' ಅಂದಿರುತ್ತಾರೆ. ಇನ್ನೊಬ್ಬರ ಫೋನ್ ಕೊನೆಯಲ್ಲಿ ತಾನೇ ಒಂದು ಸ್ಪೇಸ್ ಹಾಕಿರುತ್ತದೆ. ಅಂಕಿ ಕೇಳಿದರೂ ತೊಂದರೆ ತಪ್ಪಿದ್ದಲ್ಲ. ೧೨ ಬೇರೆ, 12 ಬೇರೆ, ಕಂಪ್ಯೂಟರಿಗೆ ಎರಡೂ ಒಂದೇ ಅಲ್ಲ. ಗೂಗಲ್ ಫಾರಂನಲ್ಲಿ ಉತ್ತರ ಸರಿಯೇ ಅಂತ ನೋಡುವ 'ರೆಸ್ಪಾನ್ಸ್ ವ್ಯಾಲಿಡೇಷನ್' ಇದೆ. ಅದರಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಷನ್' (ಯಾವ ಯಾವ ಬರಹ ಒಪ್ಪಬೇಕು ಅಂತ ಹೇಳುವ ಸೂತ್ರ) ಆರಿಸಿಕೊಂಡರೆ, ನಡುವೆ ಒಂದು ನಿಂತ ಗೆರೆ (|) ಹಾಕಿ ಎಲ್ಲ ರೂಪಗಳನ್ನೂ ಸೇರಿಸಬಹುದು. ಬಂದ ದೂರುಗಳೇ ನಿಮ್ಮ ಪಟ್ಟಿ, ಎಸೆಯಬೇಡಿ. ಅಲ್ಲೇ ಎರರ್ ಟೆಕ್ಸ್ಟ್ ಅಂತ ಒಂದು ಜಾಗ ಇದೆ. 'ತಪ್ಪು ಉತ್ತರ' ಅಂತ ಬರೆದು ಅದನ್ನು ಹಾಳು ಮಾಡಬೇಡಿ, ಒಂದು ಸಣ್ಣ ಸುಳಿವು ಹಾಕಿ. ಅಂದಹಾಗೆ, ಈ ಉತ್ತರಗಳು ಪುಟದ ಸೋರ್ಸ್‌ನಲ್ಲಿ (ಪುಟದ ಹಿಂದಿರುವ ಕೋಡ್‌ನಲ್ಲಿ) ಕಾಣುತ್ತವೆ. ಅದನ್ನು ತೆರೆದು ನೋಡಿ ಗೆದ್ದ ಮಗು ಇದ್ದರೆ ನಾನಂತೂ ಬಹುಮಾನ ಕೊಟ್ಟುಬಿಡುತ್ತೇನೆ.

ಪ್ರಶ್ನೆ: ನಿಜವಾದ ಎಸ್ಕೇಪ್ ರೂಮನ್ನೇ ನೋಡಿ ಆನ್‌ಲೈನಿನದ್ದು ಮಾಡಿದ್ದು ಅಲ್ವಾ? (ವಿದ್ಯಾರ್ಥಿ, ಮೈಸೂರು)

ಉತ್ತರ: ಉಲ್ಟಾ. ಜಪಾನಿನ ತೊಶಿಮಿತ್ಸು ತಕಾಗಿ ಮಾಡಿದ 'ಕ್ರಿಮ್ಸನ್ ರೂಮ್' ಎಂಬ ಫ್ಲ್ಯಾಶ್ ಗೇಮ್ (ಬ್ರೌಸರಿನಲ್ಲೇ ಆಡುವ ಆಟ) ಬಂದದ್ದು 2004ರಲ್ಲಿ. ದುಡ್ಡು ಕೊಟ್ಟು ಬೀಗ ಹಾಕಿಸಿಕೊಳ್ಳುವ ಆಟವನ್ನು ಸ್ಕ್ರ್ಯಾಪ್ ಎಂಬ ಕಂಪನಿ ಕ್ಯೋಟೋದಲ್ಲಿ ಶುರುಮಾಡಿದ್ದು 2007ರಲ್ಲಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಇರುವವರು. ರಾಜ್ಯೋತ್ಸವಕ್ಕೆ ಜೂಮ್‌ನಲ್ಲಿ ಮನೆಮನೆಗಳ ನಡುವೆ ಎಸ್ಕೇಪ್ ರೂಮ್ ಆಡಿಸಿದೆವು. ಪ್ರತಿ ಮನೆಯಲ್ಲೂ ಒಬ್ಬ ಚುರುಕು ಹುಡುಗ ಎಲ್ಲ ಮುಗಿಸಿಬಿಟ್ಟ. ಮಿಕ್ಕವರು 'ಸುಮ್ನೆ ಕೂತಿದ್ವಿ' ಅಂದರು. ಕೆಂಪು-ಹಸಿರು ವೈರ್ ಜೋಡಿಸುವ ಕಡೆ ಒಬ್ಬ ತಂದೆ ಸಿಟ್ಟಾಗಿ ಎದ್ದೇ ಹೋದರು.

ಉತ್ತರ: ಆ ತಂದೆಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದೇ ಇರಬಹುದು. ಈ ತೊಂದರೆ ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ, ಎಷ್ಟೋ ಜನ ಬಾಯಿಬಿಡುವುದಿಲ್ಲ. ಬಣ್ಣದ ಜೊತೆ ಒಂದು ಗುರುತನ್ನೂ ಹಾಕಿ, ಚುಕ್ಕೆ, ಗೆರೆ, ಏನಾದರೂ.

ಸುಮ್ನೆ ಕೂತವರ ದೂರು ದೊಡ್ಡದು. ಒಗಟು ಸುಲಭ ಮಾಡಿದರೆ ಅದು ತೀರುವುದಿಲ್ಲ, ಆ ಹುಡುಗ ಇನ್ನೂ ಬೇಗ ಮುಗಿಸುತ್ತಾನೆ ಅಷ್ಟೇ. ಸುಳಿವನ್ನೇ ಹಂಚಿ. ಅರ್ಧ ಒಂದು ಮನೆಗೆ, ಅರ್ಧ ಇನ್ನೊಂದಕ್ಕೆ. ಮಾತಾಡದೆ ಬೀಗ ತೆಗೆಯಲು ಆಗಬಾರದು. ಒಂದು ಒಗಟು ಅಜ್ಜಿಗೇ ಇರಲಿ. ನಾಲ್ಕು ಪಾವಿಗೆ ಒಂದು ಸೇರು, ಅಚ್ಚೇರು ಅಂದರೆ ಅದರ ಅರ್ಧ. ಇಷ್ಟರಲ್ಲೇ ಒಳ್ಳೆಯ ಬೀಗ ಮಾಡಬಹುದು. ಬೇಕಾದ ವಿಷಯ ರೂಮಿನಲ್ಲೇ ಇರಬೇಕು ಅಂತ ಮೇಲೆ ಹೇಳಿದ್ದೆ, ಹೌದು. ಅಜ್ಜಿ ರೂಮಿನಲ್ಲೇ ಇದ್ದಾರಲ್ಲ!

ಆಟ ಹೇಗಿತ್ತು ಅಂತ ಅಜ್ಜಿಯನ್ನು ಫೋನ್ ಮಾಡಿಯೇ ಕೇಳಿ. ಫಾರಂ ಕಳಿಸಿದರೆ ಅದನ್ನೂ ಆ ಮೊಮ್ಮಗನೇ ತುಂಬಿ ಕಳಿಸುತ್ತಾನೆ.