ಮಿಕ್ಸಿ ಕೊಡ್ತಾರಂತೆ, ವಿಡಿಯೊ ಮಾಡಿಕೊಡಲಾ?

ಪ್ರಶ್ನೆ: ಅಣ್ಣ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮೂರು ವರ್ಷದಿಂದ ಅಡುಗೆ ಚಾನೆಲ್ ನಡೆಸುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ಇಂಥವು. 18,000 ಸಬ್‌ಸ್ಕ್ರೈಬರ್ ಇದ್ದಾರೆ. ಹಲಸಿನ ಹಪ್ಪಳದ ವಿಡಿಯೊ ಒಂದೇ 4 ಲಕ್ಷ ವೀವ್ಸ್ ದಾಟಿತು, ಉಳಿದವು ಆರೇಳು ಸಾವಿರ. ಮಸಾಲೆ ಪುಡಿ ಕಂಪನಿಯೊಂದು ‘ನಿಮ್ಮ ರೇಟ್ ಕಳಿಸಿ’ ಎಂದು ಕೇಳಿದೆ. ಇನ್ನೊಂದು ಕಂಪನಿ ಮಿಕ್ಸಿ ಕಳಿಸುತ್ತೇವೆ, ವಿಡಿಯೊ ಮಾಡಿ ಎನ್ನುತ್ತಿದೆ. ಎಷ್ಟು ಹೇಳಲಿ? ಜಾಸ್ತಿ ಹೇಳಿದರೆ ತಿರುಗಿ ನೋಡಲ್ಲ ಅನ್ನೋ ಭಯ.
– ಹೆಸರು ಬೇಡ, ಶಿರಸಿ

ಉತ್ತರ: ತಂಗಿ, ಪಂಪ್‌ಸೆಟ್ ರಿಪೇರಿ ವಿಡಿಯೊ ಶುರು ಮಾಡುವ ಮೊದಲು ನಾನು ತಿಪಟೂರಿನಲ್ಲಿ ಹನ್ನೊಂದು ವರ್ಷ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೆ. ಅಲ್ಲಿ ಬಿಲ್ ಬರೆಯುವಾಗ ತಾಮ್ರದ ತಂತಿಗೆ ಇಷ್ಟು, ಬೇರಿಂಗಿಗೆ ಇಷ್ಟು, ಮಜೂರಿ ಇಷ್ಟು ಎಂದು ಬೇರೆ ಬೇರೆ ಸಾಲು. ಎಲ್ಲ ಸೇರಿಸಿ ಒಂದೇ ಅಂಕಿ ಹೇಳಿದರೆ ಗಿರಾಕಿ ಚೌಕಾಸಿಗೆ ಕೂರುತ್ತಾನೆ. ಬಿಡಿಸಿ ಬರೆದರೆ ಯಾವ ಸಾಲು ಬೇಡ ಅಂತ ಅವನೇ ಹೇಳಬೇಕಾಗುತ್ತದೆ. ಈಗಲೂ ನನ್ನದು ಅದೇ ಲೆಕ್ಕ.

ಮೊದಲ ಸಾಲು ಮಜೂರಿ. ನಿಮ್ಮ ಒಂದು ವಿಡಿಯೊಗೆ ತಯಾರಿ, ಶೂಟಿಂಗ್, ಎಡಿಟಿಂಗ್ ಸೇರಿ ನಾಲ್ಕು ದಿನ ಹಿಡಿಯುತ್ತದೆ ಅಂದುಕೊಳ್ಳಿ. ನಿಮ್ಮ ದಿನಕ್ಕೆ 1,500 ರೂಪಾಯಿಗಿಂತ ಕಡಿಮೆ ಹಾಕಬೇಡಿ. 6,000 ಆಯಿತು. ಸಾಮಾನು, ಕರೆಂಟು, ಇಂಟರ್‌ನೆಟ್ಟಿಗೆ 1,000. ಯಾರೂ ನೋಡದಿದ್ದರೂ ಈ 7,000 ಬರಲೇಬೇಕು. ನಿಮ್ಮೂರಲ್ಲಿ ಕೊನೆಗೌಡ ಮರ ಹತ್ತಿ ಇಳಿದ ಮೇಲೆ ‘ಅಡಿಕೆಗೆ ರೇಟಿಲ್ಲ, ಕೂಲಿ ಬೇಡ’ ಅಂತಾನಾ?

ಎರಡನೇ ಸಾಲು ನೋಡುಗರದ್ದು. ಡೇರಿಯಲ್ಲಿ ಲೀಟರ್ ಒಂದನ್ನೇ ನೋಡಲ್ಲ, ಫ್ಯಾಟ್ ಎಷ್ಟು ಅಂತಾನೂ ನೋಡ್ತಾರೆ ಅಲ್ವಾ? ಸಬ್‌ಸ್ಕ್ರೈಬರ್ ಸಂಖ್ಯೆ ಲೀಟರ್ ಇದ್ದ ಹಾಗೆ. ಕೊನೆಯ ಹತ್ತು ವಿಡಿಯೊಗಳಿಗೆ ಮೊದಲ ಮೂವತ್ತು ದಿನದಲ್ಲಿ ಎಷ್ಟೆಷ್ಟು ವೀವ್ಸ್ ಬಂತು ಬರೆದುಕೊಳ್ಳಿ. ಹಪ್ಪಳದ ವಿಡಿಯೊ ಬದಿಗಿಡಿ, ಅದು ಲಾಟರಿ. ಉಳಿದವು 6,500ರ ಆಸುಪಾಸು ಇದ್ದರೆ ವೀವಿಗೆ ಐವತ್ತು ಪೈಸೆಯಂತೆ 3,250. ಒಟ್ಟು ಹತ್ತು ಸಾವಿರ ಚಿಲ್ಲರೆ. ಇದು ನನ್ನ ಅಂಗಡಿಯ ಲೆಕ್ಕ, ಸರ್ಕಾರಿ ದರಪಟ್ಟಿ ಅಲ್ಲ. ನೋಡುವವರು ಯಾವ ಊರಿನವರು, ಯಾವ ವಯಸ್ಸಿನವರು ಅನ್ನೋದು ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ರೇಟಿನ ಜೊತೆಗೇ ಕಳಿಸಿ.

ಮೂರನೇ ಸಾಲು ಕಂಪನಿ ನಿಮ್ಮ ವಿಡಿಯೊ ಬಳಸಿಕೊಳ್ಳುವುದರ ಬಾಡಿಗೆ. ಇದನ್ನು ನಾನು ಮರೆತು ಕೆಟ್ಟೆ. ಶುರುವಿನಲ್ಲಿ ಕಳೆ ಕತ್ತರಿಸುವ ಮಷೀನಿನ ಕಂಪನಿಯೊಂದು 14,000 ರೂಪಾಯಿಯ ಮಷೀನ್ ಕೊಟ್ಟು ವಿಡಿಯೊ ಮಾಡಿಸಿತು. ಬಿಟ್ಟಿ ಮಷೀನ್ ಸಿಕ್ಕ ಖುಷಿಯಲ್ಲಿ ಕಾಗದಪತ್ರ ಕೇಳಲೇ ಇಲ್ಲ. ಅವರು ನನ್ನ ವಿಡಿಯೊ ತುಂಡು ಮಾಡಿ ಎಂಟು ತಿಂಗಳು ಫೇಸ್‌ಬುಕ್ಕಿನಲ್ಲಿ ಜಾಹೀರಾತು ಓಡಿಸಿದರು. ನನಗೆ ಗೊತ್ತಾಗಿದ್ದು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬರು ಹಿರಿಯರು ತಡೆದು, ‘ನಿನ್ನ ಮಾತು ಕೇಳಿ ತಗೊಂಡೆ ಕಣಪ್ಪಾ, ಎರಡೇ ತಿಂಗಳಿಗೆ ಗೇರ್ ಹೋಯ್ತು’ ಎಂದರು. ಉತ್ತರ ಇರಲಿಲ್ಲ. ಟೀ ಕುಡಿಸಿ ಕಳಿಸಿದೆ. ಅಂದಿನಿಂದ ಹದಿನೈದು ದಿನ ಬಳಸದೆ ಯಾವ ಮಷೀನಿನ ಬಗ್ಗೆಯೂ ಬಾಯಿ ಬಿಡಲ್ಲ.

ಹಾಗಾಗಿ ಬರೆಯಿರಿ: ವಿಡಿಯೊ ನನ್ನ ಚಾನೆಲ್‌ನಲ್ಲಿ ಮಾತ್ರ. ಕಂಪನಿ ತನ್ನ ಜಾಹೀರಾತಿಗೆ ಬಳಸಿದರೆ ತಿಂಗಳಿಗೆ ಇಷ್ಟು ಬಾಡಿಗೆ. ನಾನು ಒಟ್ಟು ರೇಟಿನ ಕಾಲು ಭಾಗ ಹಾಕುತ್ತೇನೆ. ‘ಮೂರು ತಿಂಗಳು ಬೇರೆ ಮಸಾಲೆ ತೋರಿಸಬಾರದು’ ಎಂದರೆ ಅದಕ್ಕೂ ಬೇರೆ ದುಡ್ಡು. ತಿದ್ದುಪಡಿ ಒಂದು ಸಲ ಉಚಿತ.

ಮಿಕ್ಸಿ ಅಷ್ಟಕ್ಕೇ ಒಪ್ಪಬೇಡಿ. ಮನೆಯಲ್ಲಿ ಆಗಲೇ ಎರಡಿರಬೇಕು! ಇನ್ನೊಂದು ಮಾತು: ಒಂದೇ ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಬಂದು ನೀವೇ ಇಟ್ಟುಕೊಂಡರೆ ಅದಕ್ಕೆ ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಇದೆ. 2022ರ ಜುಲೈನಿಂದ ಈ ನಿಯಮ. ವಿಡಿಯೊ ಮುಗಿಸಿ ವಾಪಸ್ ಕಳಿಸಿದರೆ ಇಲ್ಲ. ದುಡ್ಡು ತಗೊಳ್ಳಿ, ವಸ್ತು ತಗೊಳ್ಳಿ, ಪರದೆಯ ಮೇಲೆ ‘ಜಾಹೀರಾತು’ ಎಂದು ಹಾಕಲೇಬೇಕು. ಎರಡು ನಿಮಿಷ ಮೀರಿದ ವಿಡಿಯೊ ಆದರೆ ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ ಅದು ಕಾಣಬೇಕು. ಅಪ್‌ಲೋಡ್ ಮಾಡುವಾಗ ಪೇಯ್ಡ್ ಪ್ರಮೋಷನ್ ಎಂಬಲ್ಲಿ ಟಿಕ್ ಹಾಕುವುದನ್ನೂ ಮರೆಯಬೇಡಿ.

ಕಂಪನಿಗಳು ಬರಲಿ ಅಂತ ಸುಮ್ನೆ ಕಾಯಬೇಡಿ. ನನ್ನ ಮೊದಲ ನಾಲ್ಕು ಪ್ರಾಯೋಜಕರು ತಿಪಟೂರಿನ ಸುತ್ತ ಮೂವತ್ತು ಕಿಲೋಮೀಟರ್ ಒಳಗಿನವರೇ: ಪೈಪ್ ಅಂಗಡಿ, ಡ್ರಿಪ್ ಡೀಲರ್, ಎಲೆಕ್ಟ್ರಿಕಲ್ ಅಂಗಡಿ, ಕಾಯಿ ಸುಲಿಯುವ ಯಂತ್ರ ಮಾಡುವವರು. ನಿಮಗೆ ಪಾತ್ರೆ ಅಂಗಡಿ ಇದೆ, ಎಣ್ಣೆ ಗಾಣ ಇದೆ, ಜೇನು ಮಾರುವವರಿದ್ದಾರೆ. ಫೋನ್ ಬೇಡ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಹೋಗಿ ವಿಡಿಯೊ ತೋರಿಸಿ. ಅಂಗಡಿಯವರ ಹೆಂಡತಿ ಆಗಲೇ ನಿಮ್ಮ ಚಾನೆಲ್ ನೋಡ್ತಿದ್ದರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ: ಒಂದು ಗೇಮ್ ಆ್ಯಪ್‌ನವರು 30 ಸೆಕೆಂಡಿಗೆ 40,000 ಕೊಡ್ತಾರಂತೆ. ದುಡ್ಡು ಕಟ್ಟಿ ಆಡೋ ಆಟ. ಒಪ್ಪಲಾ?
– ಓದುಗ, ಹಾವೇರಿ

ಉತ್ತರ: ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದಿದೆ. ಅಂಥ ಆಟದ ಜಾಹೀರಾತಿಗೇ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಅವರು ಯಾಕೆ ಅಷ್ಟು ಕೊಡ್ತಾರೆ ಅಂತ ಈಗ ಗೊತ್ತಾಯ್ತಲ್ಲ?

ಪ್ರಶ್ನೆ: ಕಂಪನಿಯೊಂದಕ್ಕೆ ವಿಡಿಯೊ ಹಾಕಿ ಮೂರು ತಿಂಗಳಾಯಿತು, ದುಡ್ಡು ಬಂದಿಲ್ಲ. ‘ಅಕೌಂಟ್ಸ್‌ನಲ್ಲಿದೆ’ ಅನ್ನುತ್ತಲೇ ಇದ್ದಾರೆ.
– ಓದುಗ, ಚಿತ್ರದುರ್ಗ

ಉತ್ತರ: ಒಪ್ಪಂದದಲ್ಲಿ ವಿಡಿಯೊ ಇಷ್ಟು ದಿನ ಇರಬೇಕು ಎಂದು ಬರೆದಿಲ್ಲದಿದ್ದರೆ, ಹಣ ಬರುವವರೆಗೆ ಅದನ್ನು ಪ್ರೈವೇಟ್ ಮಾಡುತ್ತೇನೆ ಎಂದು ವಾರ ಮೊದಲೇ ಮೇಲ್ ಹಾಕಿ. ನನಗೆ ಎರಡು ಸಲ ಆರನೇ ದಿನಕ್ಕೆ ದುಡ್ಡು ಬಂತು. ಮುಂದಿನ ಕೆಲಸಕ್ಕೆ ಮೊದಲು ‘ಉದ್ಯಮ್’ನಲ್ಲಿ, ಅಂದರೆ ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ, ನೋಂದಣಿ ಮಾಡಿಸಿ. ಆನ್‌ಲೈನ್, ಉಚಿತ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ನೋಂದಣಿ ಕೆಲಸಕ್ಕೆ ಮೊದಲೇ ಆಗಿರಬೇಕು, ಹಳೆಯ ಬಾಕಿಗೆ ಅದನ್ನು ತೋರಿಸಿ ಗೆಲ್ಲುವುದು ಕಷ್ಟ. ನಾನಂತೂ ಈಗ ಅರ್ಧ ಮುಂಗಡ ಬರದೆ ಕ್ಯಾಮೆರಾ ಆನ್ ಮಾಡಲ್ಲ. ವೈಂಡಿಂಗ್ ಅಂಗಡಿಯಲ್ಲಿ ತಂತಿ ದುಡ್ಡು ಮೊದಲೇ ಇಸ್ಕೊಳ್ತಿದ್ದೆ, ಅದೇ ಅಭ್ಯಾಸ.