ರಿಪೋರ್ಟ್ ನಾರ್ಮಲ್, ಆದರೂ ಸರ್ಪಸುತ್ತು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 68 ವರ್ಷ. ಶುಗರ್ ಇಲ್ಲ, ಬಿಪಿ ಹದದಲ್ಲಿದೆ. ಹೋದ ತಿಂಗಳು ಎಡಪಕ್ಕೆಯಲ್ಲಿ ಸರ್ಪಸುತ್ತು ಎದ್ದು ಹಿಂಡಿಹಾಕಿತು. ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ (ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಲೆಕ್ಕ ನಾರ್ಮಲ್. ವಯಸ್ಸಾದ ಮೇಲೆ ‘ಕಿಲ್ಲರ್ ಟಿ ಕೋಶ’ಗಳು ಸೋಲುತ್ತವೆ ಅಂತ ಮಗಳು ಹೇಳ್ತಾಳೆ. ಲೆಕ್ಕ ಸರಿಯಿದ್ದ ಮೇಲೆ ಸೋಲೋದು ಹೇಗೆ? ಸರ್ಪ ಪೂರ್ತಿ ಸುತ್ತಿದರೆ ಅಪಾಯವೇ?
– ನಿವೃತ್ತ ಶಿಕ್ಷಕ, ತಿಪಟೂರು

ಉತ್ತರ: ಮೇಷ್ಟ್ರೇ, ಮೊದಲು ಸರ್ಪದ ಭಯ ಬಿಡಿ. ಹೆಡೆಗೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಅನ್ನುವ ಮಾತು ನನ್ನ ಕ್ಲಿನಿಕ್ಕಿನಲ್ಲಿ ಇವತ್ತಿಗೂ ಕೇಳಿಬರುತ್ತದೆ. ಬೆನ್ನುಹುರಿಯಿಂದ ಹೊರಟ ನರ ಮೈಯ ಒಂದೇ ಬದಿಗೆ ಹೋಗುತ್ತದೆ. ಗುಳ್ಳೆ ಆ ನರದ ಜಾಡಿನಲ್ಲಿ ಎದ್ದು ಎದೆಯ ನಡುವಿಗೆ ಬಂದು ನಿಲ್ಲುತ್ತದೆ. ಸುತ್ತು ಹಾಕಲು ದಾರಿಯೇ ಇಲ್ಲ.

ಇದು ಹೊರಗಿನಿಂದ ಬಂದದ್ದೂ ಅಲ್ಲ. ಚಿಕ್ಕಂದಿನಲ್ಲಿ ನಿಮಗೆ ‘ಅಮ್ಮ’ ಆಗಿರಬೇಕು, ಅಂದರೆ ಚಿಕನ್‌ಪಾಕ್ಸ್. ಆ ವೈರಸ್ ಅಂದಿನಿಂದ ನರದ ಬುಡದಲ್ಲಿ ಅಡಗಿತ್ತು, ಈಗ ಮತ್ತೆ ಎದ್ದಿದೆ. ಅದರ ವಿರುದ್ಧದ ಆಂಟಿಬಾಡಿ (ರಕ್ಷಕ ಪ್ರೋಟೀನ್) ವಯಸ್ಸಾದವರ ರಕ್ತದಲ್ಲೂ ಚೆನ್ನಾಗಿಯೇ ಇರುತ್ತದೆ. ಆದರೆ ಜೀವಕೋಶದ ಒಳಗೆ ಕೂತ ವೈರಸ್ಸನ್ನು ಅದು ಮುಟ್ಟಲಾರದು. ಅಲ್ಲಿಗೆ ಟಿ ಕೋಶಗಳೇ ಬೇಕು, ಅವು ಲಿಂಫೋಸೈಟ್‌ಗಳದೇ ಒಂದು ಬಗೆ. ಕಿಲ್ಲರ್ ಟಿ ಕೋಶ ಸೋಂಕು ತಗುಲಿದ ಕೋಶಕ್ಕೆ ಅಂಟಿಕೊಂಡು, ಪರ್ಫೋರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆದು, ಗ್ರಾಂಜೈಮ್ ಎಂಬ ಕಿಣ್ವ ಒಳಗೆ ಬಿಟ್ಟು ಸಾಯಿಸುತ್ತದೆ.

ಇನ್ನು ಲೆಕ್ಕದ ಮಾತು. ಬೀಗಕ್ಕೊಂದು ಕೀಲಿಕೈ ಇದ್ದ ಹಾಗೆ, ಒಂದೊಂದು ಟಿ ಕೋಶ ಒಂದೊಂದು ಗುರುತನ್ನು ಹಿಡಿಯುತ್ತದೆ. ಹೊಸ ಕೀಲಿಕೈ ತಯಾರಾಗುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ. ಹಸುಗೂಸಿನ ಎಕ್ಸ್‌ರೇಯಲ್ಲಿ ಅದು ಎಷ್ಟು ಅಗಲ ಕಾಣುತ್ತದೆಂದರೆ, ಹೊಸ ಡಾಕ್ಟರು ಹೃದಯವೇ ಊದಿದೆ ಅಂದುಕೊಳ್ಳುವುದುಂಟು! ಹರೆಯದ ನಂತರ ಕುಗ್ಗುತ್ತಾ ಹೋಗಿ, ನಿಮ್ಮ ವಯಸ್ಸಿಗೆ ಬಹುಪಾಲು ಬರೀ ಕೊಬ್ಬು. ಹೊಸದು ಹುಟ್ಟುವುದು ಕಮ್ಮಿ, ಹಳೆಯವು ಜಾಗ ತುಂಬುತ್ತವೆ. ಸೈಟೊಮೆಗಾಲೊ ಎಂಬ ಇನ್ನೊಂದು ವೈರಸ್ ನಮ್ಮ ದೇಶದ ಬಹುತೇಕ ದೊಡ್ಡವರ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಅದೊಂದನ್ನು ಕಾಯಲೆಂದೇ ಒಂದೇ ನಮೂನೆಯ ಕಿಲ್ಲರ್ ಕೋಶಗಳು ರಾಶಿ ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಸಿಡಿ28 ಎಂಬ ಪ್ರೋಟೀನ್ ಕಳೆದುಕೊಂಡು, ಬೇಗ ಮರಿ ಮಾಡಲಾರವು. ಕೀಲಿಕೈ ಗೊಂಚಲಿನ ತೂಕ ಅಷ್ಟೇ ಇದೆ, ಆದರೆ ಬಹಳಷ್ಟು ಒಂದೇ ಕೀಲಿಕೈಯ ನಕಲು. ಲ್ಯಾಬಿನ ಮೆಷಿನ್ ತಲೆ ಎಣಿಸುತ್ತದೆ, ಬಗೆ ನೋಡುವುದಿಲ್ಲ ಅಲ್ವಾ?

ಇಮ್ಯುನಿಟಿ ಬೂಸ್ಟರ್ ಡಬ್ಬಿಗೆ ಸುಮ್ನೆ ದುಡ್ಡು ಹಾಕಬೇಡಿ. ಥೈಮಸ್ಸನ್ನು ಮತ್ತೆ ಬೆಳೆಸುವ ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಕುವುದಿದ್ದರೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆಗೆ ಹಾಕಿ. ಒಮ್ಮೆ ಬಂದವರಿಗೂ ಮತ್ತೆ ಬರಬಹುದು. ಭಾರತದಲ್ಲಿ 2023ರಿಂದ 50 ದಾಟಿದವರಿಗೆ ಸಿಗುತ್ತಿದೆ; ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಬೆಲೆ ಜಾಸ್ತಿಯೇ. ಆದರೆ 70 ದಾಟಿದವರಲ್ಲೂ ಶೇ 90ರ ಹತ್ತಿರ ರಕ್ಷಣೆ ಕೊಟ್ಟಿದೆ. ವೈರಸ್ಸಿನ ಒಂದು ಪ್ರೋಟೀನ್ ಜೊತೆಗೆ ಚಿಲಿಯ ಮರವೊಂದರ ತೊಗಟೆಯ ಸಾರವೂ ಅದರಲ್ಲಿದೆ, ಮಂಕಾದ ಟಿ ಕೋಶಗಳನ್ನು ಕೆಣಕಲು. ಗುಳ್ಳೆ ಪೂರ್ತಿ ಒಣಗಿದ ಮೇಲೆ ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಇನ್ಯಾರಿಗಾದರೂ ಒಂದೇ ಬದಿಗೆ ಉರಿ, ಗುಳ್ಳೆ ಎದ್ದರೆ ಕೆಮ್ಮಣ್ಣು ಹಚ್ಚಿ ಕಾಯಬೇಡಿ. 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು. ಕಣ್ಣಿನ ಹತ್ತಿರ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.